ಕೂಸಿಗೆ ಏನೂ ಗೊತ್ತಾಗಿಲ್ಲ ಮಗಳ

ಚಿ. ಸೌ. ಮಗಳಿಗೆ ನಿಮ್ಮ ಅತ್ತಿ ಮಾಡೂ ಆಶೀರ್ವಾದಗಳು.

ನಿನ್ನ ಪತ್ರದಾಗಿನ ಉಳದ ಸುದ್ದಿ ನನಗ ಮೊದಲ ಗೊತ್ತಿತ್ತು, ನಿಮ್ಮಪ್ಪ ದಿನಾ ಫೋನಿನ್ಯಾಗ ಹೇಳೇ ಇರತಾನ, ಎಷ್ಟು ವಾರ ಆತು, ಬಸರಿನ ವಾಂತಿ ಎಷ್ಟು ಕಾಡಾಕತ್ತೈತಿ, ಸ್ಕ್ಯಾನಿಂಗಿನ್ಯಾಗ ಎದಿಬಡಿತ ಕಾಣಿಸ್ತು, ಅತ್ತಿಮನಿಯವ್ರು ಏನಂದ್ರು ಎಲ್ಲಾ. ಆದ್ರ ನಡುವ ಒಂದು ಸಾಲು ಬರದೀಯಲ್ಲ, "ನನಗ ಈ ಕೂಸು ಈಗ ಬ್ಯಾಡಾಗಿತ್ತು ಅನ್ನೂದು ಅದಕ್ಕ ಗೊತ್ತಾಗೇ ಹಿಂಗ ಮಾಡಾಕತ್ತೈತೇನು ಅತ್ತಿ" ಅಂತ, ಅದರ ಹಿಂದ ಬೆಳಗಾವಿ ಮಳಿ ಸುದ್ದಿ, ಮುಂದ ಆಫೀಸಿನ ಸುದ್ದಿ, ಅದನ್ನ ಯಾರೂ ನೋಡಬಾರದು ಅನ್ನೂಹಂಗ ನಡುವ ಇಟ್ಟೀ. ಅದನ್ನ ಓದಿದಾಗಿಂದ ನನಗ ಕೂತಲ್ಲಿ ಕೂಡ್ರಾಕ ಆಗವಲ್ದು.

ಮಗಳ, ಕೂಸಿಗೆ ಏನೂ ಗೊತ್ತಾಗಿಲ್ಲ. ಇದನ್ನ ಮೊದಲ ಬರದಬಿಡತೀನಿ, ಮುಂದ ಓದಾಕತ್ತಾಗ ಹೊಟ್ಟಿ ತೊಳಸಿ ನೀ ಎದ್ದು ಹೋದ್ರೂ ಇದೊಂದು ಮಾತು ಓದಿರಬೇಕು. ಒಂಬತ್ತು ವಾರ ಅಂದ್ರ ಅದು ಒಂದು ದ್ರಾಕ್ಷಿ ಹಣ್ಣಿನಷ್ಟು ಐತಿ, ತೂಕ ಎರಡು ಗ್ರಾಮಿನ ಆಜುಬಾಜು. ನೀ ಬಾತ್‌ರೂಮಿನ್ಯಾಗ ಕಿಟ್ ಹಿಡಕೊಂಡು ಅತ್ತದ್ದು, ಪ್ರೊಬೇಷನ್ ಮುಗಿಯೂಕಿಂತ ಮೊದಲ ಯಾಕ ಬಂತು ಅಂತ ಗಂಡನ ಮುಂದ ಅಂದದ್ದು, ಇದ್ಯಾವ್ದೂ ಅದಕ್ಕ ಮುಟ್ಟಿಲ್ಲ. ಮುಟ್ಟೂದೂ ಇಲ್ಲ.

ಮಗ್ಗಲ ಮನಿ ಅಜ್ಜಿ ಅಂದ್ರಂತಲ್ಲ, "ಮನಸಿನ್ಯಾಗ ಬ್ಯಾಡಾದ್ರ ಹೊಟ್ಟಿನೂ ಹೊರಗ ಹಾಕತೈತಿ" ಅಂತ. ಇದೇ ಮಾತು ನನಗೂ ಅಂದಿದ್ರು. 1986ರಾಗ, ಹಳೇ ಬಾಗಲಕೋಟಿ ಮನಿಯೊಳಗ, ಯಾರಂದ್ರು ಅನ್ನೂದು ಬ್ಯಾಡ ಬಿಡು, ಅವರೂ ಈಗಿಲ್ಲ, ಅವರಿಗೂ ಯಾರೋ ಹಂಗ ಅಂದಿರತಾರ. ನಾ ಟಿ.ಸಿ.ಎಚ್., ಶಾಲಿ ಟೀಚರ್ ಆಗೂ ಕೋರ್ಸ್, ಮುಗಿಸಲಿಲ್ಲ ಅನ್ನೂದು ನಿಮಗೆಲ್ಲಾ ಗೊತ್ತು, ಯಾಕ ಅನ್ನೂದಕ್ಕೂ ಮನ್ಯಾಗ ಒಂದು ಉತ್ತರ ಐತಿ, ಅದನ್ನ ಮತ್ತ ಬರಿಯೂದಿಲ್ಲ. ಆದ್ರ ನಾ ಯಾರಿಗೂ ಹೇಳಲಾರದ್ದು ಏನಂದ್ರ, ಆವಾಗ ನನಗೂ ಬ್ಯಾಡಾಗಿತ್ತು. ಎರಡನೇ ವರ್ಷದ ಪರೀಕ್ಷಾ ಕಣ್ಣ ಮುಂದ ಇತ್ತು, ಆವಾಗ ನಮ್ಮದಿನ್ನೂ ಬಿಜಾಪುರ ಜಿಲ್ಲಾ, ಪರೀಕ್ಷಾಕ್ಕ ಬಸ್ಸಿನ್ಯಾಗ ಹೋಗಬೇಕಿತ್ತು, ಡೀಸೆಲ್ ವಾಸನಿ ಬಡದ್ರ ಸಾಕು ಹೊಟ್ಟಿಯೊಳಗಿಂದೆಲ್ಲಾ ಬಾಯಿಗೆ ಬರತಿತ್ತು. ದೇವರ ಮುಂದ ದೀಪಾ ಹಚ್ಚಿ ಕೈ ಮುಗಿಯೂ ಹೊತ್ತಿಗೂ ಮನಸಿನ್ಯಾಗ "ಇದೊಂದು ವರ್ಷ ತಡಿಯಾಕ ಬರತಿದ್ದಿಲ್ಲೇನು" ಅನ್ನಾಕಿ. ಅಂಥಾದ್ರಾಗ ಆ ಮಾತು ಬಂತು ನೋಡು, ನೆಟ್ಟಗ ಒಳಗ ಹೋಗಿ ಕುಂತುಬಿಟ್ತು.

ಮುಂಜಾನಿ ಒಲಿ ಮ್ಯಾಲ ಎಣ್ಣಿ ಕಾದು ಬಳ್ಳೊಳ್ಳಿ ಬಿತ್ತು ಅಂದ್ರ ನಾ ಸೆರಗು ಮೂಗಿಗೆ ಒತ್ತಿಕೊಂಡು ಹಿತ್ತಲಕ್ಕ ಓಡತಿದ್ದೆ, ಅಲ್ಲಿ ಒಂದು ಬೇವಿನ ಗಿಡ, ಅದರ ಬೊಡ್ಡಿಗೆ ಒಂದು ಕೈ ಊರಿ ಬಗ್ಗಿ ನಿಂದ್ರತಿದ್ದೆ, ಬರೇ ಹಳದಿ ನೀರು, ಕಹಿ, ಮತ್ತ ಏನೂ ಬರತಿದ್ದಿಲ್ಲ, ಕಣ್ಣಾಗ ನೀರು ಬರತಿತ್ತು, ಮತ್ತ ಒಳಗ ಹೋಗಿ ಕೆಲಸಕ್ಕ ಕೈ ಹಚ್ಚೂದು. ಆ ಮನಿ ಆಲಮಟ್ಟಿ ಹಿನ್ನೀರಿನ್ಯಾಗ ಹೋತು, ನಾವು ನವನಗರಕ್ಕ ಬಂದ್ವಿ, ಆದ್ರ ಆ ಮಾತು ಮಾತ್ರ ನನ್ನ ಕೂಡ ಬಂತು. ನನ್ನ ಮಗ, ನಿಮ್ಮಣ್ಣ, ಹುಟ್ಟಿದ ಮ್ಯಾಲೂ ಬಿಡಲಿಲ್ಲ. ಅವಗ ಜ್ವರಾ ಬಂದ್ರ, ಶಾಲ್ಯಾಗ ಬಿದ್ದು ಮೊಣಕಾಲು ಕೆತ್ತಿಕೊಂಡ್ರ, ಹತ್ತನೇತ್ತಾ ಪರೀಕ್ಷಾದಾಗ ಮಾರ್ಕ್ಸ್ ಕಡಿಮಿ ಬಂದ್ರ, ಎಲ್ಲಾದಕ್ಕೂ ಒಳಗ ಅದೇ, ನಾ ಆವಾಗ ಬ್ಯಾಡ ಅಂದಿದ್ದೆ ಅದಕ್ಕ ಅಂತ. ಬನಶಂಕರಿಗೆ ಎಷ್ಟು ಹರಕಿ ಹೊತ್ತೆನೋ ಲೆಕ್ಕಿಲ್ಲ, ಮನ್ಯಾಗ ಎಲ್ಲಾರೂ ಭಕ್ತಿ ಅಂತ ತಿಳಕೊಂಡ್ರು, ಅದು ಭಕ್ತಿ ಅಷ್ಟ ಆಗಿದ್ದಿಲ್ಲ ಮಗಳ, ಅಂಜಿಕಿ ಇತ್ತು. ನಮ್ಮವ್ವ ಇದ್ದಾಗರೆ ಆಕಿ ಮುಂದ ಒಂದು ಸಲ ಬಾಯಿಬಿಟ್ಟು ಹೇಳಿದ್ರ ಚೊಲೊ ಇತ್ತು ಅಂತ ಈಗ ಅನಸ್ತೈತಿ, ಆಕಿ ಬೈತಿದ್ದಿಲ್ಲ, ಆಕಿನೂ ಎಂಟು ಹಡದಾಕಿ, ಎಂಟೂ ಬೇಕಂತನ ಹಡದಿರೂದಿಲ್ಲ.

ಹಿಂಗಾಗಿ ನೀ ಬರದ ಸಾಲು ಓದಿ ನನಗ ಹೆಂಗಾಗಿರಬೇಕು ವಿಚಾರ ಮಾಡು. ನೀ ಕಲತಾಕಿ, ಕಂಪ್ಯೂಟರ್ ಮುಂದ ಕೂತು ಕೆಲಸ ಮಾಡಾಕಿ, ನಿನಗೂ ಅದೇ ಮಾತು ಹತ್ತೇತಿ ಅಂದ್ರ.

ಇನ್ನೊಂದು ಬರೀಬೇಕು. ಈ ಮಾತು ಬರೇ ನಮ್ಮ ಅಜ್ಜಿಗೋಳದ್ದು ಅಂತ ತಿಳಕೊಂಡಿದ್ದೆ. ಅಲ್ಲಂತ. ಹೋದ ಶತಮಾನದ ಮೊದಲ ಅರ್ಧದಾಗ ಯುರೋಪು ಅಮೆರಿಕಾದ ಡಾಕ್ಟರರೊಳಗೂ ಬಾಳ ಮಂದಿ ಇದನ್ನ ಹೇಳತಿದ್ರು, ಬಸರಿ ಬಾಳ ಕಾರಿಕೊಂಡ್ಲು ಅಂದ್ರ ಆಕಿಗೆ ಒಳಮನಸಿನ್ಯಾಗ ಕೂಸು ಬ್ಯಾಡಾಗೇತಿ, ಇಲ್ಲಾ ಗಂಡ ಬ್ಯಾಡಾಗ್ಯಾನ ಅಂತ, ಕೆಲವು ಆಸ್ಪತ್ರಿಯೊಳಗ ಆಕಿನ್ನ ಒಂದು ಖೋಲ್ಯಾಗ ಒಬ್ಬಾಕಿನ್ನ ಇಟ್ಟು ಮನಿ ಮಂದಿನ್ನ ಭೆಟ್ಟಿ ಆಗಾಕೂ ಬಿಡತಿದ್ದಿಲ್ಲಂತ. ಓದಿದಾಗ ನನಗ ಸಿಟ್ಟೂ ಬಂತು, ಅಳೂನೂ ಬಂತು. ಹೊಟ್ಟಿಯೊಳಗ ಏನು ನಡದೈತಿ ಅಂತ ತಿಳೀಲಿಲ್ಲ ಅಂದ್ರ ತಪ್ಪು ಹೆಣ್ಣಿನ ಮನಸಿಗೆ ಹಚ್ಚೂದು, ಎಲ್ಲಾ ದೇಶದಾಗೂ ಅದೇ ಪದ್ಧತಿ.

ಈಗ ತಿಳದೈತಿ. ಮಾರ್ಲೀನಾ ಫೆಜೊ ಅಂತ ಅಮೆರಿಕಾದ ಒಬ್ಬ ವಿಜ್ಞಾನಿ, ತಾನೂ ಬಸರಿದ್ದಾಗ ಹಾಸಿಗಿ ಬಿಟ್ಟು ಏಳಲಾರದಷ್ಟು ಇದನ್ನ ಅನುಭೋಗಿಸಿದಾಕಿ, ಮುಂದ ಜೀವನಪೂರ್ತಿ ಇದನ್ನ ಹುಡುಕಿದ್ಲು. 2023ರ ಡಿಸೆಂಬರ್‌ದಾಗ ಆಕಿ, ಕೇಂಬ್ರಿಡ್ಜಿನ ಸ್ಟೀಫನ್ ಒರಾಹಿಲಿ ಮತ್ತ ಇನ್ನೊಂದಿಷ್ಟು ಮಂದಿ ಕೂಡಿ ನೇಚರ್ ಪತ್ರಿಕಾದಾಗ ಬರದ್ರು. ಜಿಡಿಎಫ್15 ಅಂತ ಒಂದು ಹಾರ್ಮೋನು, ಬಸರಿದ್ದಾಗ ಅದು ಹೆಚ್ಚಾನಹೆಚ್ಚು ಕೂಸು ಮತ್ತ ಮಾಸಿನ ಕಡಿಂದ ತಾಯಿ ರಕ್ತಕ್ಕ ಬರತೈತಿ, ಬಂದು ಮಿದುಳಿನ ಬುಡದಾಗ ಓಕರಿಕಿ ಹುಟ್ಟಸೂ ಜಾಗಾಕ್ಕ ಹೋಗಿ ಮುಟ್ಟತೈತಿ. ಬಸರಾಗೂಕಿಂತ ಮೊದಲ ಯಾರ ಮೈಯಾಗ ಅದು ಕಡಿಮಿ ಇರತೈತಿ ಅವರಿಗೆ ರೂಢಿ ಇರೂದಿಲ್ಲ, ಒಮ್ಮಿಗಲೆ ಏರಿದಾಗ ತಡಕೊಳ್ಳಾಕ ಆಗೂದಿಲ್ಲ, ಅವರಿಗೇ ಜಾಸ್ತಿ ತ್ರಾಸು. ಥಲಸೀಮಿಯಾ ಇದ್ದವರಿಗೆ ಮೊದಲಿಂದನೂ ಅದು ಮೈಯಾಗ ಜಾಸ್ತಿ ಇರತೈತಿ, ಅವರಿಗೆ ಬಸರಿನ್ಯಾಗ ಓಕರಿಕಿ ಬಾಳ ಕಡಿಮಿ ಅಂತ. ನೋಡು, ಇದರಾಗ ಎಲ್ಲೆರೆ ಬೇಕು ಬ್ಯಾಡ ಅನ್ನೂದು ಬಂತೇನು? ರಕ್ತದ ಮಾತು ಇದು. ಬಾಳ ಬೇಕಂತ ಹತ್ತು ವರ್ಷ ದವಾಖಾನಿ ತಿರುಗಿ ಬಸರಾದವರೂ ನಿನ್ನಂಗ ಕಾರಿಕೊಳ್ತಾರ.

ಅದನ್ನ ನಾ ಕಣ್ಣಿಲೆ ನೋಡೀನಿ. ಅಂಗನವಾಡಿಯೊಳಗ ಇಷ್ಟು ವರ್ಷ ಕೆಲಸಾ ಮಾಡಿದೆ, ತಾಯಿ ಕಾರ್ಡ್ ಹಿಡಕೊಂಡು ಬಂದವ್ರು ಎಂಥೆಂಥವ್ರು. 2017ರಾಗ ಮಾತೃಪೂರ್ಣ ಸುರು ಆದ ಮ್ಯಾಲ ಬಸರಿ ಹೆಣ್ಮಕ್ಕಳು ಮಧ್ಯಾಹ್ನ ಬಂದು ಅಲ್ಲೇ ಬಿಸಿ ಊಟಾ ಮಾಡಬೇಕಿತ್ತಲ್ಲ, ಒಬ್ಬಾಕಿ, ಮದುವಿಯಾಗಿ ಬಾಳ ವರ್ಷಕ್ಕ ಬಸರಾಗಿದ್ಲು, ಒಳಗ ಬರತಿದ್ದಿಲ್ಲ, ಬಾಗಲಾ ದಾಟಿ ಹೊರಗ ಕಟ್ಟಿ ಮ್ಯಾಲ ಕೂತು, ತತ್ತಿ ಕುದಿಯೂ ವಾಸನಿ ಬರಬಾರದು ಅಂತ ಮುಖಾ ಬೀದಿ ಕಡೆ ತಿರುವಿ, ಬರೇ ಅನ್ನಕ್ಕ ಮಜ್ಜಿಗಿ ಹಾಕಿಸ್ಕೊಂಡು ಒಂದೊಂದ ಅಗಳು ಹಾಕ್ಕೊಂಡಂಗ ತಿಂತಿದ್ಲು. ಎದ್ದು ಹೋಗಿ ಕಾರಿಕೊಂಡು ಬಂದು ಮತ್ತ ಕೂತು ತಿಂತಿದ್ಲು. ಆಕಿ ಮನಸಿನ್ಯಾಗ ಕೂಸು ಬ್ಯಾಡಾಗಿತ್ತೇನು? ಆಕಿನ್ನ ನೋಡಿದಾಗರೆ ನನಗ ನನ್ನ ವಿಷಯ ತಿಳೀಬೇಕಿತ್ತು, ಮನುಷ್ಯಾ ಬ್ಯಾರೆಯವರದ್ದು ನೋಡಿ ತನ್ನದು ತಿಳಕೊಳ್ಳೂದು ಬಾಳ ತಡಾ.

ಈಗ ಏನರೆ ಉಪಯೋಗ ಆಗೂದು ಬರಿಯತ್ತಿ ಅಂತ ನೀ ಅನ್ನತಿರಬೇಕು. ನನಗ ಗೊತ್ತಿದ್ದದ್ದು ಬಾಳಿಲ್ಲ, ನಿಮ್ಮ ಡಾಕ್ಟರ ಹೇಳಿದ್ದ ಖರೇ. ರಾತ್ರಿನ ತಲಿದಿಂಬಿನ ಬಾಜು ಕಟಕ ರೊಟ್ಟಿ ಒಂದು ತುಕಡಿ ಇಟ್ಟುಕೋ, ಇಲ್ಲಾ ಚುರಮುರಿ ಪುಟಾಣಿ, ಮುಂಜಾನಿ ಏಳೂಕಿಂತ ಮೊದಲ ಮಲಗಿದಲ್ಲೇ ಸಾವಕಾಶ ತಿಂದು ಸ್ವಲ್ಪ ತಡದು ಏಳು. ಹೊಟ್ಟಿ ಖಾಲಿ ಬಿಡಬ್ಯಾಡ. ಎರಡು ಜೀವಕ್ಕ ಉಣ್ಣಬೇಕು ಅಂತ ತಾಟು ತುಂಬಿ ಮುಂದಿಟ್ರ ಬ್ಯಾಡನ್ನು, ತಾಸಿಗೊಮ್ಮಿ ಎರಡು ತುತ್ತು ಸಾಕು. ಬಿಸಿ ಅಡಿಗಿ ವಾಸನಿ ಜಾಸ್ತಿ, ಆರಿದ್ದು ತಿನ್ನು. ನೀರು ಒಮ್ಮಿಗಲೆ ಗಟಗಟ ಕುಡಿಬ್ಯಾಡ, ಗುಟುಕು ಗುಟುಕು, ಇಂಡಿ ನಿಂಬಿಹಣ್ಣು ಸಿಕ್ರ ಹಿಂಡಿ ಉಪ್ಪು ಸಕ್ಕರಿ ಹಾಕ್ಕೋ. ಶುಂಠಿ ಕೆಲವ್ರಿಗೆ ಆಗತೈತಿ, ನನಗ ಆಗಲಿಲ್ಲ. ಕಾರಿಕೊಂಡ ಕೂಡಲೆ ಹಲ್ಲು ತಿಕ್ಕಬ್ಯಾಡ, ಬಾಯಿ ಮುಕ್ಕಳಿಸಿ ಸ್ವಲ್ಪ ಹೊತ್ತು ಬಿಡು. ಫೋಲಿಕ್ ಆಸಿಡ್ ಬಿಡಬ್ಯಾಡ, ರಾತ್ರಿ ಮಲಗೂ ಮುಂದ ತಗೊಂಡ್ರ ನಿಲ್ಲತೈತಿ. ಕಬ್ಬಿಣದ ಗುಳಿಗಿ ಈಗಲೇ ಕೊಟ್ಟಿದ್ರ, ಅದು ಹೊಟ್ಟಿ ಇನ್ನೂ ತೊಳಸತೈತಿ, ಮೂರು ತಿಂಗಳು ತುಂಬಿದ ಮ್ಯಾಲ ಸುರು ಮಾಡ್ಲೇನು ಅಂತ ಡಾಕ್ಟರಿಗೆ ಕೇಳು, ನೀನ ಬಿಡಬ್ಯಾಡ.

ವಾಂತಿ ಗುಳಿಗಿಗೆ ಅಂಜತೀ ಅಂತ ನಿಮ್ಮಪ್ಪ ಅಂದ. ಡಾಕ್ಸಿಲಮೀನ್ ಮತ್ತ ಬಿ6 ಕೂಡಿಸಿದ್ದು ಕೊಟ್ಟಿರಬೇಕು. ಅಂಥಾದ್ದೇ ಗುಳಿಗಿಯನ್ನ 1983ರಾಗ ಅಮೆರಿಕಾದ ಕಂಪನಿ ಕೋರ್ಟ್ ಕೇಸುಗಳ ಸಲುವಾಗಿ ಮಾರೂದು ಬಿಟ್ಟಿತ್ತು, ಕೂಸಿಗೆ ಕೆಟ್ಟು ಅನ್ನೂದಕ್ಕ ಪುರಾವೆ ಸಿಗಲಿಲ್ಲ, 2013ರಾಗ ಅಲ್ಲಿ ಸರಕಾರ ಮತ್ತ ಒಪ್ಪಿಗಿ ಕೊಟ್ಟಿತು. ನಿದ್ದಿ ಬರತೈತಿ ಅಷ್ಟ. ಡಾಕ್ಟರು ಬರದ ಕೊಟ್ಟಿದ್ರ ತಗೋ, ತಗೊಂಡ್ರ ಕೂಸಿನ ಮ್ಯಾಲ ಪ್ರೀತಿ ಕಡಿಮಿ ಅಂತ ಅರ್ಥ ಅಲ್ಲ.

ಇದೊಂದು ಮಾತ್ರ ನನ್ನ ಮಾತು ಕೇಳು, ಇದರಾಗ ಸಂಕೋಚ ಬ್ಯಾಡ. ಒಂದು ಹಗಲು ಒಂದು ರಾತ್ರಿ ನೀರೂ ನಿಲ್ಲಲಿಲ್ಲ, ಎಂಟು ತಾಸು ಆದ್ರೂ ಒಂದಕ್ಕ ಹೋಗಲಿಲ್ಲ, ಇಲ್ಲಾ ಹೋದ್ರೂ ಚಹಾದ ಬಣ್ಣ, ಎದ್ದು ನಿಂತ್ರ ಕಣ್ಣಿಗೆ ಕತ್ತಲಿ, ವಾಂತಿಯೊಳಗ ರಕ್ತ, ಜ್ವರಾ, ಹೊಟ್ಟಿ ನೋವು, ಇದರಾಗ ಒಂದು ಇದ್ರೂ ಯಾರ್ದೂ ದಾರಿ ಕಾಯದ ದವಾಖಾನಿಗೆ ಹೋಗಬೇಕು. ತೂಕಾನೂ ನೋಡು, ಐವತ್ತು ಕಿಲೋದಾಕಿ ಎರಡೂವರಿ ಕಿಲೋ ಇಳದ್ರ ಅದು ಸಾದಾ ವಾಂತಿ ಅಲ್ಲ. ಸಲಾಯಿನ್ ಹಚ್ಚೂ ಮುಂದ ಎಷ್ಟು ದಿನದಿಂದ ಹೊಟ್ಟಿಗೆ ನಿಂತಿಲ್ಲ ಅನ್ನೂದನ್ನ ಖರೇ ಹೇಳು, ಬಾಳ ದಿನಾ ತಿಂದಿಲ್ಲ ಅಂದ್ರ ಗ್ಲುಕೋಸಿಗಿಂತ ಮೊದಲ ಬಿ1 ವಿಟಮಿನ್ ಕೊಡಬೇಕಾಗತೈತಿ. ಗಾಡಿ ಇಲ್ಲ ಅಂದ್ರ 108ಕ್ಕ ಹಚ್ಚು. ಇಷ್ಟ ಅಂತ ಸುಮ್ಮನ ಬಿದ್ಕೋಬ್ಯಾಡ, "ನಾ ಬ್ಯಾಡ ಅಂದದ್ದಕ್ಕ ಇದು ನನಗ ಆಗಬೇಕಾದ ಶಿಕ್ಷಾ" ಅಂತ ತಡಕೊಳ್ಳಾಕಂತೂ ಹೋಗಬ್ಯಾಡ, ನನಗ ಅದರದ್ದೇ ಅಂಜಿಕಿ ಐತಿ, ನಾ ಹಂಗ ತಡಕೊಂಡಾಕಿ.

ಮತ್ತ ಅಲ್ಲಿಗೇ ಬಂದೆ ನೋಡು.

ಕೂಸು ಉಪವಾಸ ಬಿದ್ದೈತಿ ಅಂತನೂ ಬರದೀ. ಈಗ ಅದಕ್ಕ ಬೇಕಾದದ್ದು ಬಾಳ ಸ್ವಲ್ಪ, ಅದನ್ನ ನಿನ್ನ ಮೈಯಾಗಿಂದ ತಗೊಂತೈತಿ, ಆರನೇ ವಾರಕ್ಕ ಸುರು ಆಗಿ ಒಂಬತ್ತರ ಆಜುಬಾಜು ಜೋರಾಗಿ, ಹದಿನಾಕರ ಹೊತ್ತಿಗೆ ಬಾಳ ಮಂದಿಗೆ ಇಳೀತೈತಿ, ಒಂದಿಷ್ಟು ಮಂದಿಗೆ ಇಪ್ಪತ್ತರ ತನಕನೂ ಎಳೀತೈತಿ. ಅಂದ್ರ ನೀ ಈಗ ಏರಿನ ತುದ್ಯಾಗ ಇದ್ದೀ. 2016ರಾಗ ಅಮೆರಿಕಾದ ಒಂದು ಅಧ್ಯಯನ ಬಂದಿತ್ತು, ಹಿಂದ ಒಂದೋ ಎರಡೋ ಬಸರು ಹೋದವರನ್ನ ಹಿಂಬಾಲಿಸಿ ನೋಡಿದ್ರು, ಓಕರಿಕಿ ವಾಂತಿ ಇದ್ದವರೊಳಗ ಬಸರು ಹೋಗೂದು ಕಡಿಮಿ ಇತ್ತು. ಹಂಗಂತ ಒಂದು ದಿನ ಮುಂಜಾನಿ ಎದ್ದಾಗ ಹೊಟ್ಟಿ ತೊಳಸಲಿಲ್ಲ ಅಂದ್ರ ಅದಕ್ಕೂ ಅಂಜಿ ಕೂಡ್ರಬ್ಯಾಡ, ವಾಂತಿನ ಇಲ್ಲದ ಒಂಬತ್ತು ತಿಂಗಳು ದಾಟಿದವ್ರೂ ಎಷ್ಟೋ ಮಂದಿ ಇದ್ದಾರ. ನಾ ಹೇಳೂದು ಇಷ್ಟ, ಹೊಟ್ಟಿ ಹೊರಗ ಹಾಕಾಕತ್ತಿದ್ದು ಅನ್ನಾನ್ನ, ಕೂಸನ್ನಲ್ಲ. ಕೂಸು ತನ್ನ ಕೆಲಸಾ ತಾ ನಡಸೇತಿ, ಅದರ ಕಡಿಂದ ಬರೂ ಹಾರ್ಮೋನಿಂದನ ನಿನಗ ಇಷ್ಟು ತ್ರಾಸು.

ಮತ್ತ ಬ್ಯಾಡ ಅನಿಸಿದ್ದು ತಪ್ಪಲ್ಲ ಮಗಳ. ಇವತ್ತಿಗೂ ಬೇಕು ಅಂತ ಪೂರಾ ಅನಸವಲ್ದು ಅಂದ್ರ ಅದೂ ತಪ್ಪಲ್ಲ, ದಿನಕ್ಕ ಹತ್ತು ಸಲ ಕಾರಿಕೊಂತಿರೂ ಮನುಷ್ಯಾಗ ಯಾವ್ದರ ಮ್ಯಾಲೆ ಪ್ರೀತಿ ಹುಟ್ಟಬೇಕು. ನಾ ನಿಮ್ಮಣ್ಣನ್ನ ಬ್ಯಾಡ ಅಂದಿದ್ದೆ, ಈಗ ಅವ ಫೋನ್ ಮಾಡೂದು ಒಂದು ದಿನಾ ತಪ್ಪಿದ್ರ ನನಗ ಊಟಾ ಸೇರೂದಿಲ್ಲ, ಎರಡೂ ಖರೇನ. ಮನಸು ಬಾಳ ಭಾರ ಆಗಿ ರಾತ್ರಿ ನಿದ್ದಿ ಬರಲಿಲ್ಲ ಅಂದ್ರ, ಅಳೂ ನಿಲ್ಲವಲ್ದು ಅಂದ್ರ, ನನಗ ಯಾವ ಹೊತ್ತಿನ್ಯಾಗರೆ ಫೋನ್ ಮಾಡು, ಮನಿಯವ್ರ ಮುಂದ ಹೇಳಾಕ ಆಗದ್ದಿದ್ರ 14416ಕ್ಕ ಹಚ್ಚು, ಟೆಲಿ ಮಾನಸ್ ಅಂತ ಸರಕಾರದ್ದು, ಕನ್ನಡದಾಗ ಮಾತಾಡತಾರ, ರೊಕ್ಕಿಲ್ಲ. ಗಂಡಗೂ ಈ ಸಾಲು ತೋರಿಸು ಅಂತ ಅನಸ್ತೈತಿ, ಆದ್ರ ಅದು ನಿನಗ ಬಿಟ್ಟದ್ದು. ನಾ ನಿಮ್ಮ ಮಾಮಾಗ ಇನ್ನೂ ಹೇಳಿಲ್ಲ. ಈ ಪತ್ರ ಮುಗಿಸಿ ಹೇಳಬೇಕಂತ ಮಾಡೀನಿ, ಅವರು ಏನಂತಾರೋ ನೋಡೂಣು.

ಬರೂ ಐತವಾರ ನಾನ ಬರತೀನಿ, ನಿನ್ನ ಗಂಡನ ತಾಯಿಗೆ ಮೊದಲ ಫೋನ್ ಮಾಡಿ ಹೇಳತೀನಿ, ಅವರಿಗೆ ತ್ರಾಸು ಆಗಬಾರದು. ಕಟಕ ರೊಟ್ಟಿ ಬಡದು ತರತೀನಿ, ಸಣ್ಣಸಣ್ಣವ. ಹಿಂಡಿ ಯಾವ್ದು ತರಲಿ ಅನ್ನೂದು ತಿಳಿವಲ್ದು, ಶೇಂಗಾ ಹಿಂಡಿಗೆ ಬಳ್ಳೊಳ್ಳಿ ಬೀಳತೈತಿ, ಆ ವಾಸನಿ ನಿನಗ ಆಗಲಿಕ್ಕಿಲ್ಲ, ಬಳ್ಳೊಳ್ಳಿ ಬಿಟ್ಟು ಮಾಡ್ಲೋ ಇಲ್ಲಾ ಗುರೆಳ್ಳು ನಡೀತೈತೋ, ಶನಿವಾರ ಮುಂಜಾನಿ ಒಳಗ ಬರದು ತಿಳಸು.

ನಿಮ್ಮ ಅತ್ತಿ
ನವನಗರ, ಬಾಗಲಕೋಟಿ