ಕತ್ತಿ ಕೂಡಿಡಿ, ಕೋವಿ ಒಂದೇ ಸಾಕು

ಮಾನ್ಯ ಸಂಪಾದಕರೇ,

ಓದುಗರ ಪತ್ರದಲ್ಲಿ ಹೋದ ವಾರ ಒಬ್ಬರು ಬರೆದಿದ್ದರು. ಕತ್ತಿ ಸಂಗ್ರಹ ಮಾಡುವವರೂ ಒಂದೇ, ಕೋವಿ ಸಂಗ್ರಹ ಮಾಡುವವರೂ ಒಂದೇ, ಎರಡನ್ನೂ ನಿಲ್ಲಿಸಬೇಕು ಅಂತ. ನಾನು ಕೊಡಗಿನವಳು. ಪೊನ್ನಂಪೇಟೆ ಹತ್ತಿರ ಸಣ್ಣ ಕಾಫಿ ತೋಟ ಇದೆ. ನನ್ನ ಮನೆಯಲ್ಲಿ ಅಪ್ಪನ ಕಾಲದ ಒಂದು ಜೋಡಿ ನಳಿಗೆ ಕೋವಿಯೂ ಇದೆ, ಒಂದು ಗೋಡೆ ತುಂಬ ಕತ್ತಿಗಳೂ ಇವೆ. ಎರಡನ್ನೂ ಒರೆಸಿ, ಎಣ್ಣೆ ಹಚ್ಚಿ ಇಡುವವಳು ನಾನೇ. ಹಾಗಾಗಿ ಈ ಮಾತು ಒಪ್ಪಲು ಆಗಲಿಲ್ಲ. ಕತ್ತಿ ಕೂಡಿಡುವುದು ಒಳ್ಳೆಯ ಹವ್ಯಾಸ. ಕೋವಿಯನ್ನು ಮಾತ್ರ ಯಾರೂ ಹವ್ಯಾಸ ಮಾಡಿಕೊಳ್ಳಬಾರದು, ಕೊಡಗಿನವರೂ ಮಾಡಿಕೊಳ್ಳಬಾರದು.

ಕೊಡಗಿನ ಹೆಸರು ಎತ್ತಿದ ಮೇಲೆ ವಿನಾಯಿತಿ ವಿಷಯ ಹೇಳಲೇಬೇಕು. ಕೊಡವರಿಗೂ ಜಮ್ಮಾ ಭೂಮಿ (ರಾಜರ ಕಾಲದಿಂದ ವಂಶಕ್ಕೆ ಬಂದ ಜಮೀನು) ಇರುವವರಿಗೂ ಕೋವಿಗೆ ಲೈಸೆನ್ಸ್ ಬೇಡ. ಇದು ಬ್ರಿಟಿಷರು 1861ರಲ್ಲಿ ಕೊಟ್ಟಿದ್ದು. 1959ರ ಆಯುಧ ಕಾಯ್ದೆ ಬಂದ ಮೇಲೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿ ಹಾಕಿದ್ದ ಅರ್ಜಿಯಲ್ಲಿ 2021ರಲ್ಲಿ ನಮ್ಮ ಹೈಕೋರ್ಟ್ ವಿನಾಯಿತಿಯನ್ನೇ ಎತ್ತಿಹಿಡಿಯಿತು. ನನಗೆ ಆ ತೀರ್ಪು ಸಂತೋಷ ಕೊಟ್ಟಿತು, ಮುಚ್ಚುಮರೆ ಯಾಕೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಗದ್ದೆಗೆ ಹೋಗಿ ಕದಿರು ತೆಗೆಯುವಾಗ ಒಂದು. (ಹೆಣ್ಣು ಮಗು ಹುಟ್ಟಿದರೂ ಒಂದು ಗುಂಡು ಹೊಡೆಯಲಿ ಅನ್ನುವವಳು ನಾನು. ಆ ವಾದ ಇನ್ನೊಂದು ಪತ್ರಕ್ಕೆ ಇರಲಿ.) ಇಷ್ಟಕ್ಕೆಲ್ಲ ಮನೆಯಲ್ಲಿ ಒಂದು ಕೋವಿ ಇದ್ದರೆ ಧಾರಾಳ. ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದಲೇ ನಿಂತುಹೋಗಿದೆ. ಎರಡನೆಯದು, ಮೂರನೆಯದು ಯಾಕೆ ಬೇಕು?

ಬೇಕು ಅನ್ನುವ ಹುಡುಗರು ಈಗ ಇದ್ದಾರೆ. ಮದುವೆ ಮನೆಯಲ್ಲಿ ಕೋವಿ ಹಿಡಿದು ನಿಂತ ಫೋಟೋ, ಗಾಳಿಯಲ್ಲಿ ಗುಂಡು ಹಾರಿಸುವ ವಿಡಿಯೋ ಮೊಬೈಲಿಗೆ ಬರುತ್ತಲೇ ಇರುತ್ತವೆ. ಜನರ ಜೀವಕ್ಕೆ ಅಪಾಯ ಆಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಇದೆ. ಅದೇ ತಿದ್ದುಪಡಿ, ಲೈಸೆನ್ಸ್ ಇರುವವರು 3 ಕೋವಿ ಇಟ್ಟುಕೊಳ್ಳಬಹುದು ಎಂದಿದ್ದನ್ನು 2ಕ್ಕೆ ಇಳಿಸಿತು. ಸರ್ಕಾರವೇ ಕೋವಿ ಕಡಿಮೆ ಮಾಡಿ ಅನ್ನುತ್ತಿರುವಾಗ ನಾವು ಜಾಸ್ತಿ ಮಾಡಿಕೊಳ್ಳುವುದು ಸರಿಯಾ?

ಕೋವಿಯ ಚಂದ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಅಪ್ಪನ ಕೋವಿಯ ಹಿಡಿ ಕೈ ತಾಗಿ ತಾಗಿ ಸವೆದು ನುಣುಪಾಗಿದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಮಡಚಿ, ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ತುಕ್ಕಿನ ಒಂದು ಚುಕ್ಕೆ ಕಂಡರೂ ಬಟ್ಟೆ, ಎಣ್ಣೆ, ಕೋಲು. ಆಮೇಲೆ ಕೋವಿ ಒಂದು ಕಡೆ, ತೋಟಾ ಇನ್ನೊಂದು ಬೀರುವಿನಲ್ಲಿ. ಬೀರುವಿನ ಬೀಗದ ಕೈ ನನ್ನ ಹತ್ತಿರ. ಕೋವಿಯ ವಿಷಯದಲ್ಲಿ ನಾನು ಮಾಡುವುದು ಇಷ್ಟೇ, ಕಾವಲು ಕಾಯುವುದು. ಮನುಷ್ಯನಿಗೆ ಒಂದು ಗಳಿಗೆ ಕೋಪ ಬರುತ್ತದೆ, ಒಂದು ಗಳಿಗೆ ಬದುಕೇ ಬೇಡ ಅನ್ನಿಸುತ್ತದೆ. ಆ ಗಳಿಗೆಯಲ್ಲಿ ತುಂಬಿದ ಕೋವಿ ಕೈಗೆ ಸಿಕ್ಕರೆ ಮುಗಿಯಿತು. ಮಕ್ಕಳು ಆಟಕ್ಕೆ ಮುಟ್ಟಿದರೂ ಅಷ್ಟೇ. ಇಂಥ ವಸ್ತು ಮನೆಯಲ್ಲಿ ಹೆಚ್ಚಾದಷ್ಟೂ ಕಾವಲು ಹೆಚ್ಚುತ್ತದೆ, ತಿಳುವಳಿಕೆ ಹೆಚ್ಚುವುದಿಲ್ಲ.

ಈಗ ಕತ್ತಿಗೆ ಬರುತ್ತೇನೆ. ನನ್ನ ಗೋಡೆಯಲ್ಲಿ ಮೊದಲನೆಯದು ಅಜ್ಜನ ಒಡಿಕತ್ತಿ. ಅಗಲವಾದ, ಒಳಕ್ಕೆ ಬಾಗಿದ ಅಲಗು. ಇದಕ್ಕೆ ಒರೆ ಇಲ್ಲ. ಕೊಡವ ಗಂಡಸರು ಕುಪ್ಯ ಅನ್ನುವ ನಿಲುವಂಗಿ ಹಾಕಿದಾಗ ಬೆನ್ನ ಹಿಂದೆ ತೋಡಂಗ್ ಅನ್ನುವ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮದುವೆಯಲ್ಲಿ ಬಾಳೆ ಕಡಿಯುವುದು ಇದರಲ್ಲೇ. ಪಕ್ಕದಲ್ಲಿ ಬೆಳ್ಳಿ ಕಟ್ಟಿನ ಪೀಚೆಕತ್ತಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಲಂಕಾರದ ಬಾಕು. ಆಮೇಲೆ ತೋಟದ ಮರಗಳ ಕೊಂಬೆ ಸವರುವ ಮರಕಸಿಗೆ ಬಳಸುವ ಕತ್ತಿಗಳು, ಕುಡುಗೋಲು, ಶಿರಸಿ ಕಡೆಯಿಂದ ತಂದ ಅಡಿಕೆ ಸುಲಿಯುವ ಮೆಟ್ಟುಗತ್ತಿ. ಅಪ್ಪ ಸೇನೆಯಲ್ಲಿದ್ದಾಗ ಗೂರ್ಖಾ ಗೆಳೆಯರೊಬ್ಬರು ಕೊಟ್ಟ ಖುಕುರಿ. ಅದರ ಒರೆಯಲ್ಲೇ ಎರಡು ಪುಟ್ಟ ಕತ್ತಿಗಳಿರುತ್ತವೆ. ಹರಿತವಾದದ್ದು ಕರ್ದಾ, ಸಣ್ಣಪುಟ್ಟ ಕೆಲಸಕ್ಕೆ. ಮೊಂಡಾದದ್ದು ಚಕ್ಮಕ್, ಖುಕುರಿಯ ಬಾಯಿ ತೀಡಲಿಕ್ಕೆ, ಕಲ್ಲಿಗೆ ಉಜ್ಜಿ ಕಿಡಿ ಹೊತ್ತಿಸಲಿಕ್ಕೆ. ಒಂದೊಂದು ಕತ್ತಿಯ ಬಾಗು, ತೂಕ, ಹಿಡಿ ನೋಡಿದರೆ ಆ ಊರಿನ ಬೆಳೆ ಯಾವುದು, ಕೆಲಸ ಎಂಥದ್ದು ಅಂತ ತಿಳಿಯುತ್ತದೆ. ಅದಕ್ಕೇ ನಾನು ಕೂಡಿಡುವುದು.

ಇದರ ಇನ್ನೊಂದು ಲಾಭ ಕುಲುಮೆಯ ದಾರಿ ಸಿಕ್ಕಿದ್ದು. ನಮ್ಮ ಪೇಟೆಯ ಕಮ್ಮಾರರು ಕತ್ತಿ ಮಾಡುವುದು ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ. ಒಳ್ಳೆ ಉಕ್ಕು, ಗುಜರಿಯಲ್ಲಿ ಸಿಗುತ್ತದೆ. ಬಡಿದು ಆಕಾರಕ್ಕೆ ತರುವುದು ದೊಡ್ಡ ವಿದ್ಯೆ ಅಲ್ಲವಂತೆ, ಹದ ಹಾಕುವುದೇ ದೊಡ್ಡದು. ಹದ ಹಾಕುವಾಗ ಅವರು ಬಾಗಿಲು ಅರ್ಧ ಮುಚ್ಚುತ್ತಾರೆ. ಬೆಳಕು ಜಾಸ್ತಿ ಇದ್ದರೆ ಕಾದ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ. ಅಲಗು ಕೆಂಪಾದ ಮೇಲೆ ಬಾಯಿಯ, ಅಂದರೆ ಕೊಯ್ಯುವ ಅಂಚಿನ, ಭಾಗವನ್ನಷ್ಟೇ ಅದ್ದುತ್ತಾರೆ. ಚುಂಯ್ ಎಂದ ಮೇಲೆ ಅದು ಗಟ್ಟಿಯಾಗುತ್ತದೆ, ಆದರೆ ಹಾಗೇ ಬಿಟ್ಟರೆ ಬಿದ್ದ ಏಟಿಗೆ ಸಿಡಿಯುತ್ತದೆ. ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ ಕಾಯುತ್ತಾರೆ. ಬೆನ್ನಲ್ಲಿ ಉಳಿದ ಕಾವು ನಿಧಾನಕ್ಕೆ ಬಾಯಿಯ ಕಡೆ ಹರಿಯುತ್ತದೆ. ಒಣಹುಲ್ಲಿನ ಹಳದಿ ಬರುತ್ತದೆ, ಕಂದು ಬರುತ್ತದೆ. ಅಲ್ಲಿಗೆ ಪೂರ್ತಿ ಅದ್ದಿಬಿಡಬೇಕು. "ನೀಲಿ ಬರೋವರೆಗೆ ಬಿಟ್ರೆ ಬಾಯಿ ಮೆತ್ತಗಾಯ್ತು ಅಂತ ಲೆಕ್ಕ ಅಕ್ಕಾ" ಅನ್ನುತ್ತಾರೆ. ಇದೆಲ್ಲ ನಡೆಯುವುದು ಕೆಲವೇ ಉಸಿರಿನಷ್ಟು ಹೊತ್ತಿನಲ್ಲಿ. ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ, ಕಣ್ಣೊಂದೇ. ಅಂಗಡಿಯಲ್ಲಿ ಶೋಕೇಸಿಗೆ ಅಂತ ಮಾರುವ ಪಳಪಳ ಒಡಿಕತ್ತಿಗೆ ಈ ಹದ ಇರುವುದಿಲ್ಲ. ಒಂದು ಬಾಳೆದಿಂಡಿಗೆ ಹೊಡೆದು ನೋಡಿ, ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಕತ್ತಿಯಿಂದ ಕೊಲೆ ಆಗುವುದಿಲ್ಲವೇ ಅಂತ ಪತ್ರ ಬರೆದವರು ಕೇಳಿದ್ದಾರೆ. ಆಗುತ್ತದೆ. ನಮ್ಮ ರಾಜ್ಯದಲ್ಲೇ ಮಚ್ಚು, ಲಾಂಗಿನ ಸುದ್ದಿ ಓದುತ್ತಲೇ ಇರುತ್ತೇವೆ. ಬ್ರಿಟನ್ನಿನಲ್ಲಿ 1996ರಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳನ್ನೂ ಅವರ ಟೀಚರನ್ನೂ ಗುಂಡಿಟ್ಟು ಕೊಂದ ಮೇಲೆ ಕೈಪಿಸ್ತೂಲುಗಳನ್ನೇ ನಿಷೇಧಿಸಿದರು. ಈಗ ಇಂಗ್ಲೆಂಡಿನ ದೊಡ್ಡ ಚಿಂತೆ ಚೂರಿ. ಹೆದರಿಸಲಿಕ್ಕೆಂದೇ ಮಾಡಿದ ಜಾಂಬಿ ಮಾದರಿಯ ಚೂರಿ, ಮಚ್ಚುಗಳಿಗೆ 2024ರಲ್ಲಿ, ನಿಂಜಾ ಕತ್ತಿಗಳಿಗೆ 2025ರಲ್ಲಿ ಅಲ್ಲಿ ನಿಷೇಧ ಬಂತು. ಅದು ಸರಿಯಾದ ಕೆಲಸ. ಆದರೆ ಕತ್ತಿಯ ವಿಷಯದಲ್ಲಿ ಅವರು ಆರಿಸಿ ಆರಿಸಿ ನಿಷೇಧಿಸುತ್ತಿದ್ದಾರೆ, ಪಿಸ್ತೂಲಿನ ವಿಷಯದಲ್ಲಿ ಒಟ್ಟಿಗೇ ತೆಗೆದರು. ಆ ವಿವೇಕ ನನಗೆ ಇಷ್ಟ.

ಇದರ ತದ್ವಿರುದ್ಧ ಅಮೆರಿಕದ ಟೆಕ್ಸಾಸ್. ನನ್ನ ಅಕ್ಕನ ಮಗ ಅಲ್ಲಿದ್ದಾನೆ. 2017ರವರೆಗೆ ಆ ರಾಜ್ಯದಲ್ಲಿ ರೈಫಲ್ ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ನಡೆಯಬಹುದಿತ್ತು, ಸೊಂಟಕ್ಕೆ ಬೋವಿ ಅನ್ನುವ ದೊಡ್ಡ ಚೂರಿ ಕಟ್ಟಿಕೊಂಡರೆ ಅಪರಾಧ! ಆ ದೇಶದಲ್ಲಿ ಜನರ ಕೈಯಲ್ಲಿರುವ ಬಂದೂಕುಗಳು ಸುಮಾರು 39 ಕೋಟಿ ಅಂತ 2017ರ ಅಂದಾಜು, ಜನಸಂಖ್ಯೆಗಿಂತ ಜಾಸ್ತಿ. ಕೋವಿ ಹವ್ಯಾಸವಾದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ತಿಳಿಯಲು ಇಷ್ಟು ಸಾಕು.

ನಮ್ಮ ಕಾನೂನು ಈ ಭೇದ ತಿಳಿದೇ ಬರೆದದ್ದು. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿದ್ದರೆ ಅದು ಆಯುಧ, ನನ್ನ ಖುಕುರಿಯೂ ಅದರಲ್ಲಿ ಬರುತ್ತದೆ. ಆದರೆ ಮನೆಗೆಲಸದ, ಬೇಸಾಯದ ಕತ್ತಿಗಳನ್ನು ಹೊರಗಿಟ್ಟಿದೆ. ಆಯುಧ ಅನ್ನಿಸಿಕೊಂಡ ಕತ್ತಿಯನ್ನು ಇಟ್ಟುಕೊಳ್ಳಲಿಕ್ಕೂ ಲೈಸೆನ್ಸ್ ಬೇಕಾಗುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ. ಕತ್ತಿ ಕೂಡಿಡುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು: ಕತ್ತಿ ಗೋಡೆಯಲ್ಲಿರಲಿ, ತೋಟದಲ್ಲಿರಲಿ, ಪೇಟೆಗೆ ಸುಮ್ನೆ ಒಯ್ಯಬೇಡಿ. ಆನ್‌ಲೈನಿನಲ್ಲಿ ಬರುವ ರಾಕ್ಷಸ ಹಲ್ಲಿನ ಚೂರಿ ಬೇಡ. ಆ ದುಡ್ಡು ಕುಲುಮೆಗೆ ಕೊಡಿ.

ಸೆಪ್ಟೆಂಬರ್‌ನಲ್ಲಿ ಬರುವ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಕೋವಿ, ಕತ್ತಿ ಎರಡನ್ನೂ ಒಟ್ಟಿಗೆ ಇಟ್ಟು, ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದವರಿಗೆ ಬಹುಮಾನ. ಒಡಿಕತ್ತಿ ಮಾಡಿದವರಿಗೆ ಏನೂ ಇಲ್ಲ. ಬರುವ ಸೆಪ್ಟೆಂಬರ್‌ನಲ್ಲಿ ಕಮ್ಮಾರರಿಗೂ ಅದೇ ಮೈದಾನದಲ್ಲಿ ಜಾಗ ಕೊಡಿ, ಅವರ ಕತ್ತಿಗಳಿಂದ ಬಾಳೆ ಕಡಿಸಿ ನೋಡಿ, ಹದ ಚೆನ್ನಾಗಿರುವುದಕ್ಕೆ ಬಹುಮಾನ ಕೊಡಿ ಅಂತ ನಮ್ಮೂರ ಸಂಘಕ್ಕೆ ಪತ್ರ ಕೊಟ್ಟಿದ್ದೇನೆ. ಮೊದಲ ಬಹುಮಾನದ ಹಣ ನನ್ನದು. ಬೇರೆ ಊರಿನ ಸಂಘಗಳೂ ಇದನ್ನು ಯೋಚಿಸಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ಕಾಫಿ ಬೆಳೆಗಾರ್ತಿ
ಪೊನ್ನಂಪೇಟೆ ತಾಲ್ಲೂಕು, ಕೊಡಗು