ಪುಟ್ಟಿಗೆ, ಆಪರೇಷನ್‌ಗೆ ಮುಂಚೆ

ಪ್ರೀತಿಯ ಪುಟ್ಟಿ,

ಬಸಿರಿನಲ್ಲೇ ಅಂಡಾಶಯದ ಗಡ್ಡೆ ತೆಗೆಯುವ ಆಪರೇಷನ್ ಅಂತ ನೀನು ನಿನ್ನೆ ಫೋನಿನಲ್ಲಿ ಅಷ್ಟು ಅತ್ತೆ. ಅಳುವವರ ಹತ್ತಿರ ಬುದ್ಧಿ ಮಾತು ಆಡಬಾರದು ಅಂತ ಸುಮ್ಮನಿದ್ದೆ. ಈಗ ನಿಧಾನವಾಗಿ ಓದು.

ಬಸಿರಿನ ಶುರುವಿನಲ್ಲಿ ಅಂಡಾಶಯದಲ್ಲಿ ಕಾಣುವ ನೀರುಗುಳ್ಳೆಗಳು ಬಹಳಷ್ಟು ಸಲ 16 ವಾರದೊಳಗೆ ತಾವಾಗಿಯೇ ಕರಗುತ್ತವೆ. ನಿನ್ನ ಡಾಕ್ಟರ್ ಇಷ್ಟು ದಿನ ಕಾದಿದ್ದು ಅದಕ್ಕೇ. ಆದರೆ ನಿನ್ನದು ಡರ್ಮಾಯ್ಡ್ ಗಡ್ಡೆ, ಅದು ಕರಗುವ ಜಾತಿಯಲ್ಲ. ಒಳಗೆ ಕೂದಲು, ಕೊಬ್ಬು ಇರುತ್ತದೆ ಅಂತ ಕೇಳಿ ಗಾಬರಿಯಾದೆ ಅಲ್ವಾ? ನೋಡಲು ವಿಚಿತ್ರ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಚಿಂತೆ ಬೇರೆಯದು. ಗಡ್ಡೆಯ ಭಾರಕ್ಕೆ ಅಂಡಾಶಯ ತಿರುಚಿಕೊಂಡರೆ ರಕ್ತದ ಓಡಾಟ ನಿಂತುಹೋಗುತ್ತದೆ. ಆಗ ಅಪರಾತ್ರಿಯಲ್ಲಿ ಓಡಬೇಕು. ಆಪರೇಷನ್ ಥಿಯೇಟರಿನ ನರ್ಸ್ ಆಗಿ ಅಂಥ ರಾತ್ರಿಗಳನ್ನು ಕಂಡಿದ್ದೇನೆ. ಮಗುವಿಗೆ ಏನಾದರೂ ಆದೀತೆಂದು ಎರಡು ದಿನ ನೋವು ನುಂಗಿಕೊಂಡು ಬಂದ ಹುಡುಗಿಯೊಬ್ಬಳನ್ನು ಇವತ್ತಿಗೂ ಮರೆತಿಲ್ಲ. ಅಂಥ ತುರ್ತು ಬಂದರೆ ಎಷ್ಟನೇ ತಿಂಗಳು ಅಂತ ನೋಡುತ್ತಾ ಕೂರುವ ಹಾಗಿಲ್ಲ. ಪುರುಸೊತ್ತಿನಲ್ಲಿ ಮಾಡಬಹುದಾದ್ದಕ್ಕೆ ನಾಲ್ಕು, ಐದನೇ ತಿಂಗಳೇ ಒಳ್ಳೆಯದು. ನೀನೀಗ ಅಲ್ಲೇ ಇದ್ದೀಯ.

ಮಗುವಿಗೆ ತಗುಲುವುದಿಲ್ಲವಾ ಅಂದೆ. ನಿನಗೆ ಮಾಡುವುದು ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್. ಮೂರು ನಾಲ್ಕು ಸಣ್ಣ ತೂತು, ಅಷ್ಟೇ. ಗರ್ಭಕೋಶ ಎಲ್ಲಿಯವರೆಗೆ ಬೆಳೆದಿದೆ ಎಂದು ನೋಡಿಕೊಂಡು, ಮೊದಲ ತೂತನ್ನು ಅದಕ್ಕಿಂತ ಮೇಲೆ ಹಾಕುತ್ತಾರೆ. ಒಳಗೆ ಜಾಗವಾಗಲು ತುಂಬುವ ಗ್ಯಾಸಿನ ಒತ್ತಡವನ್ನೂ ಮಿತಿಯಲ್ಲಿಡುತ್ತಾರೆ. ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಅದುಮದಿರಲಿ ಅಂತ ನಿನ್ನನ್ನು ಸ್ವಲ್ಪ ಎಡಕ್ಕೆ ವಾಲಿಸುತ್ತಾರೆ. ಆಪರೇಷನ್‌ಗೆ ಮುಂಚೆಯೂ ಆಮೇಲೂ ಮಗುವಿನ ಎದೆಬಡಿತ ನೋಡುತ್ತಾರೆ. ಈಗಿನ ಅರಿವಳಿಕೆ ಔಷಧಿಗಳು ಮಾಮೂಲಿ ಪ್ರಮಾಣದಲ್ಲಿ ಮಗುವಿಗೆ ಅಂಗದೋಷ ತರುತ್ತವೆ ಅನ್ನುವುದಕ್ಕೆ ಪುರಾವೆಯಿಲ್ಲ. ಅಪಾಯವೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಬಸುರಿಯರಿಗೆ ಈ ಆಪರೇಷನ್ ಎಷ್ಟು ಸಲ ಮಾಡಿದ್ದೀರಿ ಅಂತ ಡಾಕ್ಟರನ್ನೇ ಕೇಳು. ಸಂಕೋಚ ಬೇಡ.

ಆಮೇಲೆ ಭುಜ ನೋಯಬಹುದು. ಹೊಟ್ಟೆಗೆ ತುಂಬಿದ ಗ್ಯಾಸಿನಿಂದ ಅದು, ಒಂದೆರಡು ದಿನದಲ್ಲಿ ಹೋಗುತ್ತದೆ. ಅವರು ಏಳು ಅಂದ ಕೂಡಲೇ ಎದ್ದು ನಡೆ. ಬಸಿರಿನಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಮನೆಯಲ್ಲಿರುವ ನೋವಿನ ಮಾತ್ರೆ ನುಂಗಬೇಡ, ಬರೆದುಕೊಟ್ಟದ್ದು ಮಾತ್ರ. ರಕ್ತ ಕಂಡರೆ, ಹೊಟ್ಟೆ ಬಿಗಿದು ಬಿಗಿದು ಬಂದರೆ, ಜ್ವರ ಬಂದರೆ ಬೆಳಗಾಗಲಿ ಅನ್ನದೆ ಹೋಗು.

ಹಿಂದಿನ ದಿನವೇ ಬರುತ್ತೇನೆ. ಸೊಂಟದಲ್ಲಿ ಬಿಗಿಯಾಗದ ಬಟ್ಟೆ ತೆಗೆದಿಡು.

ನಿನ್ನ ದೊಡ್ಡಮ್ಮ