ಝೂ ಟೂರಿನಲ್ಲಿ ಮಕ್ಕಳು ಅರ್ಧ ಗಂಟೆ ಒಂದೇ ಪ್ರಾಣಿಯ ಎದುರು ನಿಲ್ಲಲಿ

ಸಂಪಾದಕರಿಗೆ ನಮಸ್ಕಾರ,

ಶಾಲಾ ಟೂರಿನ ಸೀಸನ್ ಬಂತು, ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಬಸ್ಸುಗಳು ಇನ್ನು ಪಿಲಿಕುಳಕ್ಕೋ ಮೈಸೂರಿಗೋ ಹೊರಡ್ತವೆ. ಅಲ್ಲಿ ಎಂತ ಆಗ್ತದೆ ಅಂತ ಎಲ್ಲರಿಗೂ ಗೊತ್ತುಂಟು, ಇಡೀ ಝೂ ಓಡಿ ಮುಗಿಸುದು, ಹುಲಿ ಮಲಗಿದ್ರೆ ಬೊಬ್ಬೆ ಹಾಕಿ ಎಬ್ಬಿಸ್ಲಿಕ್ಕೆ ನೋಡುದು, ಅದು ಬೇಲಿಯ ಬದಿಯಲ್ಲಿ ಅತ್ತಿಂದಿತ್ತ ನಡೀತಾ ಇದ್ರೆ "ಹುಲಿ ಇವತ್ತು ಭಾರೀ ಜೋರುಂಟು" ಅಂತ ವಿಡಿಯೋ ಮಾಡುದು.

ಆದ್ರೆ ಒಂದೇ ದಾರಿ, ಒಂದೇ ತಿರುವು, ಗಂಟೆಗಟ್ಟಲೆ ಹಾಗೆ ನಡೆಯುದು ಜೋರಲ್ಲ ಮಾರಾಯ್ರೆ. ಕರಡಿ ನಿಂತಲ್ಲೇ ತಲೆ ಆಡಿಸುದು, ಆನೆ ತೂಗುದು ಎಲ್ಲ ಇದೇ ಸಾಲಿನದ್ದು, ಕೂಡಿಹಾಕಿದ ಪ್ರಾಣಿ ಉದ್ದೇಶ ಇಲ್ಲದೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಈ ಅಸಹಜ ವರ್ತನೆಗೆ ಸ್ಟೀರಿಯೋಟೈಪಿ ಅಂತ ಹೇಳ್ತಾರೆ. ಕಾಡಲ್ಲಿ ದೂರ ದೂರ ತಿರುಗುವ ಮಾಂಸಾಹಾರಿಗಳಿಗೆ ಇದು ಜಾಸ್ತಿ ಅಂತ 2003ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬಂದಿದೆ. ನಮ್ಮ ಘಟ್ಟದ ಸಿಂಗಳೀಕವನ್ನೇ ಭಾರತದ ಎಂಟು ಝೂಗಳಲ್ಲಿ ನೋಡಿ ಬರೆದ ಅಧ್ಯಯನ 2005ರಲ್ಲಿ ಬಂತು, ಜನ ಎದುರಿಗಿದ್ರೆ ಅವುಗಳ ಅಸಹಜ ವರ್ತನೆ ಹೆಚ್ಚಾಗ್ತದಂತೆ. ಅಂದ್ರೆ ಟಿಕೆಟ್ ತಗೊಂಡು ಹೋದ ನಮ್ಮದೂ ಅದ್ರಲ್ಲಿ ಪಾಲುಂಟು.

ಹಾಗಂತ ಒಂದು ವಿಡಿಯೋ ನೋಡಿ ಝೂದವರಿಗೆ ಬೈಯುದೂ ಸರಿಯಲ್ಲ. ಊಟದ ಹೊತ್ತು ಹತ್ರ ಬಂದಾಗಲೂ ನಡೀತವೆ, ಸರ್ಕಸ್ಸಿನಿಂದ ಬಂದ ಪ್ರಾಣಿಗೆ ಒಳ್ಳೆ ಜಾಗ ಕೊಟ್ಟ ಮೇಲೂ ಹಳೇ ಚಾಳಿ ಉಳೀಬಹುದು. ಅದಕ್ಕೇ ಕೂತು ನೋಡಿ ಬರೀಬೇಕು.

ಟೀಚರುಗಳಿಗೆ ನನ್ನ ವಿನಂತಿ ಇಷ್ಟೆ. ಎರಡೆರಡು ಮಕ್ಕಳಿಗೆ ಒಂದು ಪ್ರಾಣಿ ಕೊಡಿ, ಅರ್ಧ ಗಂಟೆ, ನಿಮಿಷಕ್ಕೊಮ್ಮೆ ವಾಚ್ ನೋಡಿ ಅದು ಆ ಕ್ಷಣ ಎಂತ ಮಾಡ್ತಾ ಉಂಟು ಅಂತ ಬರೀಲಿ. ಮಲಗಿದೆ, ತಿಂತಾ ಉಂಟು, ನಡೀತಾ ಉಂಟು, ಕಾಣ್ತಾ ಇಲ್ಲ. ಸಂಶೋಧಕರು ಮಾಡುದೂ ಹೆಚ್ಚುಕಮ್ಮಿ ಇದನ್ನೇ, ಪ್ರಾಣಿ ವರ್ತನೆಯ ಸಂಶೋಧಕಿ ಜೀನ್ ಆಲ್ಟ್‌ಮನ್ 1974ರಲ್ಲೇ ಇಂಥ ವಿಧಾನಗಳನ್ನು ಒಂದು ಕ್ರಮಕ್ಕೆ ತಂದು ಬರೆದಿದ್ದಾರೆ. 'ಕಾಣ್ತಾ ಇಲ್ಲ' ಅಂತ ಬರೆದ್ರೆ ದುಡ್ಡು ದಂಡ ಅಂತ ಗ್ರಹಿಸಬೇಡಿ, ಜನರ ಕಣ್ಣಿಂದ ತಪ್ಪಿಸಿಕೊಳ್ಳಲಿಕ್ಕೆ ಅದಕ್ಕೊಂದು ಜಾಗ ಉಂಟು ಅಂತ ಅರ್ಥ, ಅದು ಒಳ್ಳೇದೇ. ಈ ಲೆಕ್ಕವನ್ನು ಶಾಸ್ತ್ರೋತ್ಸವಕ್ಕೂ (ಶಾಲಾ ವಿಜ್ಞಾನ ಮೇಳ) ತಗೊಂಡು ಹೋಗ್ಬಹುದು, ಜ್ವಾಲಾಮುಖಿ ಮಾಡೆಲ್ ನೋಡಿ ನೋಡಿ ಸಾಕಾಗಿದೆ.

ಝೂದವರೂ ಬೋರ್ಡಿನಲ್ಲಿ ಬರೇ ಹೆಸರು, ತೂಕ ಬರೆದು ಬಿಡುದು ಬೇಡ. ಈ ಕರಡಿಗೆ ಮರದ ದಿಮ್ಮಿಯ ತೂತಲ್ಲಿ ಜೇನು ಅಡಗಿಸಿ ಇಡ್ತೇವೆ, ಊಟದ ಸಮಯ ಬದಲಿಸ್ತಾ ಇರ್ತೇವೆ, ಅದ್ರಿಂದ ತಲೆ ಆಡಿಸುದು ಕಮ್ಮಿ ಆಗಿದೆಯೋ ಇಲ್ವೋ, ಅದನ್ನೂ ಹಾಕ್ಲಿ. ಮತ್ತೆ, ಮೈಸೂರಿಗೆ ಹೋಗುವವರು ಮಂಗಳವಾರ ಹೋಗಬೇಡಿ, ಝೂಗೆ ರಜೆ.

- ಒಬ್ಬ ಪೋಷಕ, ಪೆರ್ಲ